ಬ್ಯಾಟ್ರಿ ನೀರು ಪದೇ ಪದೇ ಕಮ್ಮಿ ಆಗ್ತಿದ್ಯಾ? ಸುರಿಯೋಕ್ ಮುಂಚೆ ಆರೂ ಸೆಲ್ ಇಣುಕಿ ನೋಡಿ

ಕಾರ್ ಬ್ಯಾಟ್ರಿಲಿ ನೀರು ಕಮ್ಮಿ ಆಗಿದೆ ಅಂತ ಗೊತ್ತಾದ ತಕ್ಷಣ ಎಲ್ರೂ ಮಾಡೋದು ಒಂದೇ ಕೆಲಸ, ಡಿಸ್ಟಿಲ್ಡ್ ವಾಟರ್ ಬಾಟ್ಲಿ ತಗೊಂಡು ಆರೂ ತೂತಿಗೆ (ಒಂದೊಂದು ತೂತಿನ ಕೆಳಗೂ ಒಂದು ಸೆಲ್, ಅಂದ್ರೆ ಬೇರೆ ಖಾನೆ) ಸುರಿದು, ಮುಚ್ಚಳ ತಿರುಗಿಸಿ, ಬಾನೆಟ್ ಇಳಿಸಿ ಹೊರಟುಬಿಡೋದು. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ. ಇದ್ರಲ್ಲಿ ಏನಾಗುತ್ತೆ ಅಂದ್ರೆ, ನೀರು ಯಾಕೆ ಇಳೀತು ಅಂತ ಹೇಳೋ ಸಾಕ್ಷಿ ಇರೋದೇ ಆ ಆರು ತೂತಲ್ಲಿ, ಯಾವ ಸೆಲ್ ಎಷ್ಟು ಇಳಿದಿದೆ, ಯಾವುದು ಇಳಿದೇ ಇಲ್ಲ ಅನ್ನೋದ್ರಲ್ಲಿ, ನೀವು ನೀರು ಹಾಕಿ ಎಲ್ಲಾ ಸಮ ಮಾಡಿದ್ರೆ ಅದೂ ಮುಳುಗಿ ಹೋಗುತ್ತೆ. ಅದಕ್ಕೇ ಮೊದ್ಲು ಟಾರ್ಚ್ ಹಾಕಿ ನೋಡಿ, ಫೋನಲ್ಲಿ ಒಂದೊಂದು ಸೆಲ್ಲಿಂದೂ ಫೋಟೋ ತಕ್ಕೊಳಿ, ಆಮೇಲೆ ಬಾಟ್ಲಿ ಮುಟ್ಟಿ.

ಇದೆಲ್ಲಾ ಮುಚ್ಚಳ ತೆಗೆಯೋಕಾಗೋ ಮಾಮೂಲಿ ಲೆಡ್ ಆಸಿಡ್ ಬ್ಯಾಟ್ರಿಗೆ ಮಾತ್ರ. ಮೇಲೆ ಎಜಿಎಂ, ಜೆಲ್, ವಿಆರ್‌ಎಲ್ಎ ಅಂತ ಬರೆದಿದ್ರೆ ಅದನ್ನ ತೆರೆಯೋಕೇ ಹೋಗ್ಬೇಡಿ, ಅದ್ರೊಳಗೆ ಅಲ್ಲಾಡೋ ಹಾಗೆ ನೀರು ಇರೋದೇ ಇಲ್ಲ, ಹೊರಗಡೆಯಿಂದ ಹಾಕೋ ಹಾಗೂ ಇಲ್ಲ. ಮೇಂಟೆನೆನ್ಸ್ ಫ್ರೀ ಅಂತ ಬರೆದಿರೋ ಕೆಲವು ಬ್ಯಾಟ್ರಿಗಳಲ್ಲಿ ಸ್ಟಿಕ್ಕರ್ ಕೆಳಗೆ ಮುಚ್ಚಳ ಇರುತ್ತೆ, ಕೆಲವದ್ರಲ್ಲಿ ಪೂರ್ತಿ ಸೀಲ್ ಆಗಿರುತ್ತೆ. ಸೀಲ್ ಆಗಿರೋದನ್ನ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸೋ ಸಾಹಸ ಬೇಡ.

ಮುಟ್ಟೋಕ್ ಮುಂಚೆ

ಚಾರ್ಜ್ ಆಗೋವಾಗ ಬ್ಯಾಟ್ರಿಯಿಂದ ಹೈಡ್ರೋಜನ್ ಹೊರಗೆ ಬರುತ್ತೆ, ಗಾಳಿಲಿ ಅದು ಶೇಕಡ 4 ಇದ್ರೆ ಸಾಕು, ಒಂದು ಕಿಡಿಗೆ ಹತ್ಕೊಳುತ್ತೆ. ನೀರು ಕಮ್ಮಿ ಇರೋ ಬ್ಯಾಟ್ರಿಲಿ ಈ ಅಪಾಯ ಇನ್ನೂ ಜಾಸ್ತಿ, ಯಾಕಂದ್ರೆ ನೀರು ಇಳಿದಷ್ಟೂ ಒಳಗೆ ಗ್ಯಾಸ್ ನಿಲ್ಲೋಕೆ ಜಾಗ ಜಾಸ್ತಿ, ಜೊತೆಗೆ ಒಳಗಿನ ಪ್ಲೇಟ್ (ಚಾರ್ಜ್ ಹಿಡಿದಿಡೋ ಸೀಸದ ಹಲಗೆ) ತಲೆ ನೀರಿಂದ ಹೊರಗೆ ಬಂದಿರುತ್ತೆ. ಹಾಗಾಗಿ ನೀರು ತಳ ಸೇರಿದೆ ಅನ್ನೋ ಅನುಮಾನ ಇದ್ರೆ ಜಂಪ್ ಸ್ಟಾರ್ಟ್ ಮಾಡೋಕೆ, ಚಾರ್ಜರ್ ಹಾಕೋಕೆ ಹೋಗ್ಬೇಡಿ, ಮೊದ್ಲು ಮುಚ್ಚಳ ತೆಗೆದು ನೋಡಿ. ಬೀಡಿ ಸಿಗರೇಟು ದೂರ, ಲೈಟರ್ ಬೆಳಕಲ್ಲಂತೂ ಇಣುಕಲೇಬೇಡಿ, ನಗ್ಬೇಡಿ, ಹಾಗೆ ಇಣುಕೋರು ನಿಜವಾಗ್ಲೂ ಇದಾರೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಉಂಗುರ ವಾಚು ಬಿಚ್ಚಿಡಿ. ಬ್ಯಾಟ್ರಿ ಬಿಚ್ಚೋದಾದ್ರೆ ಮೊದ್ಲು ನೆಗೆಟಿವ್, ಹಾಕೋವಾಗ ನೆಗೆಟಿವ್ ಕೊನೆಗೆ. ಆಸಿಡ್ ಮೈಗೆ ಬಿದ್ರೆ ಧಾರಾಳವಾಗಿ ನೀರಲ್ಲಿ ತೊಳೀರಿ, ಕಣ್ಣಿಗೆ ಬಿದ್ರೆ ಕಮ್ಮಿ ಅಂದ್ರೂ 15 ನಿಮಿಷ ನೀರು ಬಿಡ್ತಾನೇ ಇದ್ದು ಆಮೇಲೆ ಡಾಕ್ಟರ್ ಹತ್ರ ಓಡಿ.

ಮುಚ್ಚಳ ತೆಗೆಯೋಕೆ ಮುಂಚೆ ಬ್ಯಾಟ್ರಿ ಮೇಲಿರೋ ಧೂಳು ಒರೆಸಿ, ಇಲ್ಲಾಂದ್ರೆ ಅದು ಸೀದಾ ಸೆಲ್ಲೊಳಗೆ ಬೀಳುತ್ತೆ. ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಕೂತಿದ್ರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಳೇ ಬ್ರಷ್ಷಲ್ಲಿ ಉಜ್ಜಿ, ಆದ್ರೆ ಮುಚ್ಚಳ ಎಲ್ಲಾ ಗಟ್ಟಿಯಾಗಿ ಹಾಕಿರೋವಾಗ್ಲೇ ಮಾಡಿ, ಸೋಡಾ ಒಳಗೆ ಹೋದ್ರೆ ಆಸಿಡ್ಡಿನ ಕಸುವು ಕಳೆಯುತ್ತೆ.

ಈಗ ಆರೂ ಸೆಲ್ ನೋಡೋದು

ಎಷ್ಟಿರಬೇಕು ಅನ್ನೋದಕ್ಕೆ, ಡಬ್ಬಿ ಬಿಳಿ ಪ್ಲಾಸ್ಟಿಕ್ ಆಗಿದ್ರೆ ಪಕ್ಕದಲ್ಲಿ ಮ್ಯಾಕ್ಸ್ ಮಿನ್ ಗೆರೆ ಇರುತ್ತೆ, ಹಿಂದೆ ಟಾರ್ಚ್ ಹಿಡಿದ್ರೆ ನೀರಿನ ಮಟ್ಟ ಕಾಣುತ್ತೆ. ಕಪ್ಪು ಡಬ್ಬಿ ಆದ್ರೆ ತೂತೊಳಗೆ ನೋಡ್ಬೇಕು, ಕೆಳಗೆ ಇಳಿದಿರೋ ಒಂದು ಪ್ಲಾಸ್ಟಿಕ್ ಕೊಳವೆ ಕಾಣುತ್ತಲ್ಲ, ನೀರು ಅದ್ರ ತಳ ಮುಟ್ಟಿದ್ರೆ ಅದೇ ಮೇಲಿನ ಮಿತಿ. ಅದೂ ಗೊತ್ತಾಗಲಿಲ್ಲ ಅಂದ್ರೆ ಪ್ಲೇಟ್ ಮೇಲೆ ಸುಮಾರು ಒಂದು ಸೆಂಟಿಮೀಟರ್ ನೀರು ನಿಂತಿರ್ಬೇಕು ಅಂತ ಇಟ್ಕೊಳಿ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರ್ಲಿ, ಇಳಿಜಾರಲ್ಲಿ ನಿಲ್ಸಿ ನೋಡಿದ್ರೆ ತಪ್ಪು ಲೆಕ್ಕ ಸಿಗುತ್ತೆ.

ಆರೂ ಸೆಲ್ಲಲ್ಲಿ ಒಂದೇ ಥರ ಸ್ವಲ್ಪ ಇಳಿದಿದೆ, ಅದೂ ಎಷ್ಟೋ ತಿಂಗಳ ಮೇಲೆ ಅಂದ್ರೆ ಅದು ದೋಷ ಅಲ್ಲ ಬಿಡಿ. ಚಾರ್ಜ್ ತುಂಬಿದ ಮೇಲೂ ಕರೆಂಟ್ ಹೋಗ್ತಾ ಇದ್ರೆ ಆ ಕರೆಂಟು ನೀರನ್ನ ಒಡೆದು ಹೈಡ್ರೋಜನ್ ಆಕ್ಸಿಜನ್ ಮಾಡುತ್ತೆ, ಇದು ಒಂದು ಸೆಲ್ಲಿಗೆ ಸುಮಾರು 2.4 ವೋಲ್ಟ್, ಅಂದ್ರೆ ಇಡೀ ಬ್ಯಾಟ್ರಿಗೆ 14.4 ವೋಲ್ಟ್ ಹತ್ರ ಜೋರಾಗುತ್ತೆ, ಕಾರಿನ ಚಾರ್ಜಿಂಗೂ ಅದರ ಅಕ್ಕಪಕ್ಕನೇ ನಡೆಯೋದು. ಹೋಗೋದು ನೀರು, ಆಸಿಡ್ ಒಳಗೇ ಉಳಿಯುತ್ತೆ, ಅದಕ್ಕೇ ಬರೀ ನೀರು ಹಾಕಿದ್ರೆ ಸಾಕಾಗೋದು.

ಆರೂ ಒಂದೇ ಥರ ಇಳಿದಿದೆ, ಆದ್ರೆ ಬೇಗ ಬೇಗ ಇಳೀತಿದೆ, ತಿಂಗಳಿಗೊಂದ್ಸಲ ಹಾಕ್ಬೇಕಾಗ್ತಿದೆ ಅಂದ್ರೆ ಮೊದಲ ಅನುಮಾನ ಓವರ್‌ಚಾರ್ಜಿಂಗ್ ಮೇಲೆ. ಲೆಕ್ಕ ನೋಡಿ, ಬೇಡದಿರೋ 1 ಆಂಪಿಯರ್ ಅವರ್ ಕರೆಂಟ್ ಒಂದೊಂದು ಸೆಲ್ಲಿಂದ ಸುಮಾರು 0.34 ಗ್ರಾಂ ನೀರು ಹಾರಿಸುತ್ತೆ. ದಿನಕ್ಕೆ 2 ಗಂಟೆ ಗಾಡಿ ಓಡಿ, ಆ ಹೊತ್ತಲ್ಲೆಲ್ಲಾ 2 ಆಂಪಿಯರ್ ಹೆಚ್ಚುವರಿ ಹೋಗ್ತಿದೆ ಅಂದ್ರೆ ತಿಂಗಳಿಗೆ ಪ್ರತಿ ಸೆಲ್ಲಲ್ಲೂ 40 ಮಿಲಿಲೀಟರ್ ಮಾಯ. ಇದನ್ನ ಹಿಡಿಯೋಕೆ ಮಲ್ಟಿಮೀಟರ್ ಸಾಕು. ಎಂಜಿನ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, ಲೈಟು ಎಸಿ ಎಲ್ಲಾ ಆಫ್ ಮಾಡಿ, ಸ್ವಲ್ಪ ಆಕ್ಸಲರೇಟರ್ ಒತ್ತಿ ಹಿಡಿದು ಬ್ಯಾಟ್ರಿ ಟರ್ಮಿನಲ್ ಮೇಲೆನೇ ವೋಲ್ಟೇಜ್ ನೋಡಿ. 13.8ರಿಂದ 14.5 ಒಳಗೆ ಇದ್ರೆ ಸರಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ 14.8, 15 ಅಂತ ನಿಂತೇ ಇದ್ರೆ ಆಲ್ಟರ್ನೇಟರ್ (ಎಂಜಿನ್ ಓಡೋವಾಗ ಬ್ಯಾಟ್ರಿ ಚಾರ್ಜ್ ಮಾಡೋ ಯಂತ್ರ) ಒಳಗಿನ, ವೋಲ್ಟೇಜ್ ಹದದಲ್ಲಿಡೋ ರೆಗ್ಯುಲೇಟರ್ ಕೆಟ್ಟಿರೋ ಸಾಧ್ಯತೆ ಜಾಸ್ತಿ. ಆದ್ರೆ ಆಲ್ಟರ್ನೇಟರ್ ಇಳಿಸೋಕೆ ಓಡ್ಬೇಡಿ, ವೋಲ್ಟೇಜ್ ಸೆನ್ಸ್ ಮಾಡೋ ವಯರ್ರಲ್ಲೋ ಅರ್ಥ್ ಕನೆಕ್ಷನ್ನಲ್ಲೋ ತುಕ್ಕು ಹಿಡಿದಿದ್ರೂ ರೆಗ್ಯುಲೇಟರ್‌ಗೆ ವೋಲ್ಟೇಜ್ ಕಮ್ಮಿ ಇದೆ ಅಂತ ಸುಳ್ಳು ಸುದ್ದಿ ಹೋಗಿ ಅದು ಇನ್ನೂ ತಳ್ಳುತ್ತೆ, ಅದನ್ನ ಉಜ್ಜಿ ಬಿಗಿ ಮಾಡಿ ಮತ್ತೆ ಅಳೀರಿ, ಇದಕ್ಕೆ ದುಡ್ಡು ಖರ್ಚಿಲ್ಲ. ಇನ್ನೊಂದು, ಈಚಿನ ಕಾರುಗಳಲ್ಲಿ ಚಾರ್ಜಿಂಗನ್ನ ಕಂಪ್ಯೂಟರ್ ನೋಡ್ಕೊಳುತ್ತೆ, ಬ್ರೇಕ್ ಒತ್ತಿದಾಗ ಏರಿಸುತ್ತೆ, ಗಾಡಿ ಎಳೆಯೋವಾಗ ಇಳಿಸುತ್ತೆ, ತುಂಬಾ ಚಳಿ ಇದ್ರೂ ಏರಿಸುತ್ತೆ, ಅಂಥ ಗಾಡಿಲಿ ಒಂದು ಸಲ ಮೀಟರ್ ಇಟ್ಟು ತೀರ್ಮಾನ ಮಾಡೋಕಾಗಲ್ಲ.

ವೋಲ್ಟೇಜ್ ಸರಿಯಾಗೇ ಇದೆ ಆದ್ರೂ ಎಲ್ಲಾ ಸೆಲ್ ಬೇಗ ಇಳೀತಿದೆ ಅಂದ್ರೆ ಬ್ಯಾಟ್ರಿ ವಯಸ್ಸು ನೋಡಿ. ಹಳೇ ಥರದ ಬ್ಯಾಟ್ರಿ ಪ್ಲೇಟಲ್ಲಿ ಆಂಟಿಮನಿ ಅನ್ನೋ ಲೋಹ ಬೆರೆಸಿರ್ತಾರೆ, ವರ್ಷ ಕಳೆದ ಹಾಗೆ ಅದು ಪಾಸಿಟಿವ್ ಪ್ಲೇಟಿಂದ ಕರಗಿ ನೆಗೆಟಿವ್ ಪ್ಲೇಟ್ ಮೇಲೆ ಹೋಗಿ ಕೂರುತ್ತೆ, ಆಮೇಲೆ ಕಮ್ಮಿ ವೋಲ್ಟೇಜಿಗೇ ಗ್ಯಾಸ್ ಏಳೋಕೆ ಶುರುವಾಗುತ್ತೆ. ಅಂದ್ರೆ ಮುದುಕ ಬ್ಯಾಟ್ರಿ ಜಾಸ್ತಿ ನೀರು ಕುಡಿಯೋದು ಸಹಜ, ಅದನ್ನ ಯಾವ ರಿಪೇರಿಯಿಂದಲೂ ನಿಲ್ಸೋಕಾಗಲ್ಲ.

ಮಧ್ಯದ ಸೆಲ್‌ಗಳು ಜಾಸ್ತಿ ಇಳಿದು ಎರಡೂ ತುದಿಯವು ಪರವಾಗಿಲ್ಲ ಅನ್ನೋ ಹಾಗಿದ್ರೆ ಬಿಸಿ ಕಾರಣ ಇರ್ಬೋದು. ತುದಿ ಸೆಲ್‌ಗಳಿಗೆ ಗಾಳಿ ತಾಗೋ ಗೋಡೆ ಜಾಸ್ತಿ, ನಡುವಿನವು ಎರಡೂ ಕಡೆ ಬಿಸಿ ಸೆಲ್ಲಿನ ಮಧ್ಯೆ ಸಿಕ್ಕಾಕೊಂಡಿರ್ತವೆ. ಎಂಜಿನ್ ಕಡೆ ಇರೋ ಸೆಲ್ ಮಾತ್ರ ಇಳಿದಿದ್ರೂ ಇದೇ ಕಥೆ. ಆಗ ಬ್ಯಾಟ್ರಿ ಸುತ್ತ ಒಂದು ಹೀಟ್ ಶೀಲ್ಡೋ ಬಟ್ಟೆ ಥರದ ಕವರ್ರೋ ಇರ್ಬೇಕಿತ್ತಾ ಅಂತ ನೋಡಿ, ಬ್ಯಾಟ್ರಿ ಬದಲಾಯಿಸೋವಾಗ ಅದು ವಾಪಸ್ ಹಾಕದೆ ಮೂಲೆ ಸೇರೋದು ತುಂಬಾ ಮಾಮೂಲು, ಅದನ್ನ ಕಸ ಅಂದ್ಕೊಂಡು ಎಸೆಯೋರು ಜಾಸ್ತಿ.

ಒಂದೇ ಒಂದು ಸೆಲ್ ಇಳಿದಿದೆ, ಉಳಿದ ಐದೂ ಸರಿ ಇದಾವೆ ಅಂದ್ರೆ ಮೊದ್ಲು ಡಬ್ಬಿ ಒಡೆದಿದ್ಯಾ ನೋಡಿ. ಕ್ಲಾಂಪ್ ಅತಿಯಾಗಿ ಬಿಗಿ ಮಾಡಿದ್ರೂ ಸೀಳುತ್ತೆ, ಸಡಿಲ ಇದ್ದು ಕುಣಿದ್ರೂ ಸೀಳುತ್ತೆ. ಬ್ಯಾಟ್ರಿ ಇಳಿಸಿ, ಒರೆಸಿ, ಒಣಗಿದ ಪೇಪರ್ ಮೇಲೆ ಒಂದು ರಾತ್ರಿ ಇಡಿ, ಆ ಸೆಲ್ಲಿನ ಕೆಳಗೆ ಒದ್ದೆ ಕಂಡ್ರೆ ಉತ್ತರ ಸಿಕ್ತು. ಹೀಗೆ ಸೋರಿದಾಗ ನೀರಿನ ಜೊತೆ ಆಸಿಡ್ಡೂ ಹೋಗಿರುತ್ತೆ, ಎಂ ಸೀಲ್ ಮೆತ್ತಿ ಬರೀ ನೀರು ತುಂಬಿದ್ರೆ ಆ ಸೆಲ್ ಮತ್ತೆ ಏಳಲ್ಲ. ಟ್ರೇ ಮೇಲಿನ ಪೇಂಟ್ ತಿಂದಿರುತ್ತೆ ಅದನ್ನೂ ಸೋಡಾ ನೀರಲ್ಲಿ ತೊಳೀರಿ.

ಇದರ ಉಲ್ಟಾ ಒಂದಿದೆ, ತುಂಬಾ ಜನ ದಾರಿ ತಪ್ಪೋದು ಇಲ್ಲೇ. ಐದು ಸೆಲ್ ಇಳಿದಿದೆ, ಒಂದರಲ್ಲಿ ಮಾತ್ರ ನೀರು ಹಾಗೇ ಇದೆ. ನೋಡಿದೋರೆಲ್ಲಾ ಆ ಒಂದು ಸೆಲ್ ಚೆನ್ನಾಗಿದೆ ಉಳಿದವು ಹಾಳು ಅಂತಾರೆ. ನಿಜದಲ್ಲಿ ಸತ್ತಿರೋದು ಆ ತುಂಬಿರೋ ಸೆಲ್ಲೇ. ಒಳಗೆ ಪ್ಲೇಟ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ರೆ ಆ ಸೆಲ್ ಚಾರ್ಜೇ ತಗೊಳಲ್ಲ, ಚಾರ್ಜ್ ತಗೊಳಲ್ಲ ಅಂದ್ಮೇಲೆ ಗ್ಯಾಸೂ ಇಲ್ಲ ನೀರೂ ಇಳಿಯಲ್ಲ. ಆಲ್ಟರ್ನೇಟರ್‌ಗೆ ಇದೇನು ಗೊತ್ತು, ಅದು ಆರು ಸೆಲ್ಲಿಗೆ ಹಂಚೋ 14.2 ವೋಲ್ಟನ್ನ ಐದೇ ಸೆಲ್ಲಿಗೆ ತಳ್ಳುತ್ತೆ, ಒಂದೊಂದಕ್ಕೂ 2.8 ಮೇಲೆ ಬೀಳುತ್ತೆ, ಪಾಪ ಆ ಐದೂ ಕುದ್ದು ನೀರು ಕಳ್ಕೊಳ್ತಾವೆ. ಗಾಡಿ ನಿಲ್ಸಿ ಕೆಲವು ಗಂಟೆ ಬಿಟ್ಟು ಅಳೆದ್ರೆ 12.6 ಇರ್ಬೇಕಾದ ಕಡೆ 10.5 ಆಸುಪಾಸು ತೋರಿಸುತ್ತೆ, ಆಗ ಅನುಮಾನನೇ ಬೇಡ. ಸ್ಟಾರ್ಟ್ ಮಾಡೋವಾಗ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ತೂತುಗಳ ಕಡೆ ದೂರದಿಂದ ನೋಡಿ ಅಂತ ಹೇಳೋರಿದ್ದಾರೆ, ಕೆಟ್ಟ ಸೆಲ್ಲಲ್ಲಿ ಗುಳ್ಳೆ ಏಳುತ್ತೆ ನಿಜ, ಆದ್ರೆ ಗ್ಯಾಸ್ ತುಂಬಿರೋ ಬ್ಯಾಟ್ರಿ ಮುಚ್ಚಳ ತೆಗೆದು ಸೆಲ್ಫ್ ಹೊಡೆಯೋದನ್ನ ನಾನಂತೂ ಮಾಡು ಅನ್ನಲ್ಲ, ಹೈಡ್ರೋಮೀಟರಲ್ಲೇ (ಸೆಲ್ಲಿನ ಆಸಿಡ್ ಬರೀ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಅಳೆಯೋ ಕೊಳವೆ) ಗೊತ್ತಾಗೋ ವಿಷ್ಯ ಇದು.

ಕೊಳೆತ ಮೊಟ್ಟೆ ವಾಸನೆ ಬಂದ್ರೆ ಮಾತ್ರ ನೋಡ್ತಾ ಕೂರ್ಬೇಡಿ. ಎಂಜಿನ್ ಆಫ್ ಮಾಡಿ, ಚಾರ್ಜರ್ ಹಾಕಿದ್ರೆ ಗೋಡೆ ಸ್ವಿಚ್ಚಲ್ಲೇ ಆಫ್ ಮಾಡಿ, ಬಾಗಿಲು ತೆಗೆದು ಹೊರಗೆ ಬನ್ನಿ. ಅದು ಹೈಡ್ರೋಜನ್ ಸಲ್ಫೈಡ್, ವಿಷದ ಗ್ಯಾಸ್, ಬ್ಯಾಟ್ರಿ ಸಿಕ್ಕಾಪಟ್ಟೆ ಕಾದು ಹೋಗಿದೆ ಅಂತ ಅರ್ಥ. ತಣ್ಣಗಾದ ಮೇಲೆ ಮುಟ್ಟಿ, ಅದು ಮುಗಿದ ಬ್ಯಾಟ್ರಿ ಅಂತಾನೇ ಲೆಕ್ಕ.

ಮೇಲೆಲ್ಲಾ ಒದ್ದೆ, ಟರ್ಮಿನಲ್ ಪದೇ ಪದೇ ಪುಡಿ ಕಟ್ತಿದೆ, ಆದ್ರೆ ಒಳಗೆ ನೋಡಿದ್ರೆ ನೀರು ಗಂಟಲವರೆಗೂ ಇದೆ ಅಂದ್ರೆ ಯಾರೋ ಪ್ರೀತಿ ಜಾಸ್ತಿಯಾಗಿ ತುಂಬಿಸಿದ್ದಾರೆ. ಚಾರ್ಜ್ ಆಗೋವಾಗ ಬಿಸಿಗೂ ಗುಳ್ಳೆಗೂ ಮಟ್ಟ ಏರುತ್ತೆ, ಜಾಗ ಇಲ್ದೆ ಆಸಿಡ್ಡೇ ತೂತಿಂದ ಹೊರಗೆ ಬರುತ್ತೆ. ಮತ್ತೆ ಕಮ್ಮಿಯಾಯ್ತು ಅಂತ ನೀರು ಹಾಕಿದ್ರೆ ಪ್ರತಿ ಸಲ ಆಸಿಡ್ ತೆಳ್ಳಗಾಗ್ತಾ ಹೋಗುತ್ತೆ. ಮುಚ್ಚಳದ ಚಿಕ್ಕ ಗಾಳಿ ತೂತು ಕಟ್ಕೊಂಡಿದ್ಯಾ ಅದನ್ನೂ ಒಂದ್ಸಲ ನೋಡಿ.

ನೀರು ಹಾಕೋ ಸರದಿ

ಪ್ಲೇಟ್ ಇನ್ನೂ ಮುಳುಗಿದೆ, ಬರೀ ಗೆರೆಗಿಂತ ಕೆಳಗಿದೆ ಅಂದ್ರೆ ಮೊದ್ಲು ಫುಲ್ ಚಾರ್ಜ್ ಮಾಡಿ ಆಮೇಲೆ ನೀರು ಹಾಕಿ. ಪ್ಲೇಟ್ ಬರಿದಾಗಿ ಕಾಣ್ತಿದೆ ಅಂದ್ರೆ ಹಾಗೇ ಚಾರ್ಜ್ ಮಾಡೋ ಹಾಗಿಲ್ಲ, ಪ್ಲೇಟ್ ಮುಳುಗೋವಷ್ಟು ಮಾತ್ರ ಹಾಕಿ, ನಿಧಾನಕ್ಕೆ ಚಾರ್ಜ್ ಮಾಡಿ, 50 ಆಂಪಿಯರ್ ಅವರ್ ಬ್ಯಾಟ್ರಿಗೆ 5 ಆಂಪಿಯರ್ ಸಾಕು, ತಣ್ಣಗಾದ ಮೇಲೆ ಉಳಿದಿದ್ದು ಗೆರೆವರೆಗೆ. ಪ್ಲಾಸ್ಟಿಕ್ ಫನಲ್ಲೋ ಸಿರಿಂಜೋ ಇರ್ಲಿ, ಕಬ್ಬಿಣದ್ದು ಬೇಡ.

ಯಾವ ನೀರು ಅನ್ನೋದಕ್ಕೆ ಉತ್ತರ ಒಂದೇ, ಡಿಸ್ಟಿಲ್ಡ್ ಇಲ್ಲಾ ಡೀಮಿನರಲೈಸ್ಡ್. ನಲ್ಲಿ ನೀರಲ್ಲಿರೋ ಕ್ಲೋರೈಡು, ಕಬ್ಬಿಣದ ಅಂಶ ಪ್ಲೇಟ್ ತಿನ್ನುತ್ತೆ, ತಾನಾಗೇ ಚಾರ್ಜ್ ಇಳಿಯೋ ಹಾಗೆ ಮಾಡುತ್ತೆ. ಆರ್‌ಒ ನೀರು ಕುಡಿಯೋಕೆ ಚೆಂದ, ಅದ್ರಲ್ಲಿ ಉಪ್ಪಿನಂಶ ಪೂರ್ತಿ ಹೋಗಿರಲ್ಲ. ಎಸಿಯಿಂದ ತೊಟ್ಟಿಕ್ಕೋ ನೀರು ಡಿಸ್ಟಿಲ್ಡೇ ಅಲ್ವಾ ಅಂತ ಕೇಳೋರಿದ್ದಾರೆ, ಅದು ಕಾಯಿಲ್ ಮೇಲಿನ ಧೂಳು ಲೋಹ ಎಲ್ಲಾ ತೊಳ್ಕೊಂಡು ಬಂದಿರುತ್ತೆ, ಬೇಡ. ಆಸಿಡ್ ಅಂತೂ ಸೇರಿಸ್ಲೇಬೇಡಿ, ಬ್ಯಾಟ್ರಿ ಮಗುಚಿ ಚೆಲ್ಲಿದ್ರೆ ಮಾತ್ರ ಆ ಮಾತು, ಅದೂ ತಿಳಿದೋರ ಕೈಲಿ. ನೀರು ಕಮ್ಮಿ ಇರೋ ಕಡೆ ಆಸಿಡ್ ಆಗ್ಲೇ ಗಟ್ಟಿಯಾಗಿರುತ್ತೆ, ಅದಕ್ಕೆ ಇನ್ನೂ ಆಸಿಡ್ ಅಂದ್ರೆ ಪ್ಲೇಟ್ ಕಥೆ ಮುಗೀತು. ಹೊರಗೆ ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ನೀರು ಹಾಕಿ ಹಾಗೇ ನಿಲ್ಸಬೇಡಿ, ಹೊಸ ನೀರು ಮೇಲೆ ತೇಲ್ತಾ ಇರುತ್ತೆ, ಚಾರ್ಜ್ ಮಾಡಿ ಬೆರೆಸದಿದ್ರೆ ಅದೇ ಹೆಪ್ಪುಗಟ್ಟಿ ಡಬ್ಬಿ ಸೀಳುತ್ತೆ.

ಹಾಕಿದ ಮೇಲೂ ಸೆಲ್ಫ್ ಎಳೀತಿಲ್ಲ ಅಂದ್ರೆ

ಹೈಡ್ರೋಮೀಟರ್ ತಗೊಳಿ, ಆದ್ರೆ ನೀರು ಹಾಕಿದ ತಕ್ಷಣ ಅಳೀಬೇಡಿ, ಮೇಲಿನ ಬರೀ ನೀರೇ ಬಂದು ಎಲ್ಲಾ ಸೆಲ್ ಸತ್ತಿದೆ ಅಂತ ತೋರಿಸುತ್ತೆ. ಚಾರ್ಜ್ ಆಗಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೀರಿ. ಫುಲ್ ಇದ್ರೆ 1.265ರಿಂದ 1.280, ಮುಕ್ಕಾಲಿಗೆ 1.225, ಅರ್ಧಕ್ಕೆ 1.190, ಖಾಲಿಗೆ 1.120. ಮೆಕ್ಯಾನಿಕ್‌ಗಳು ಚುಕ್ಕಿ ಬಿಟ್ಟು 1265, 1190 ಅಂತಾರೆ, ಒಂದೇ. ಒಳಗಿನ ಬಿಸಿ 10 ಡಿಗ್ರಿ ಏರಿದ್ರೆ ರೀಡಿಂಗ್ ಸುಮಾರು 0.007 ಕಮ್ಮಿ ತೋರಿಸುತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೊಳಿ. ಇಲ್ಲಿ ನಿಜವಾಗಿ ನೋಡ್ಬೇಕಾದ್ದು ಒಂದು ಸೆಲ್ಲಿಗೂ ಇನ್ನೊಂದಕ್ಕೂ ಇರೋ ಅಂತರ. ಎಲ್ಲಾ 1.190 ಅಂತ ಒಟ್ಟಿಗೆ ಇಳಿದಿದ್ರೆ ಬ್ಯಾಟ್ರಿಗೆ ಚಾರ್ಜ್ ಬೇಕಷ್ಟೇ, ಆಲ್ಟರ್ನೇಟರ್ 13.5ಗಿಂತ ಕಮ್ಮಿ ಕೊಡ್ತಿದ್ಯಾ, ಗಾಡಿ ಬರೀ ಹತ್ರ ಹತ್ರ ಓಡಾಡ್ತಿದ್ಯಾ ನೋಡಿ. ಐದು 1.260, ಒಂದು ಮಾತ್ರ 1.200 ಅಂದ್ರೆ, ಅಂತರ 0.050 ದಾಟಿತು ಅಂದ್ರೆ ಆ ಸೆಲ್ ಕೆಟ್ಟಿದೆ. ಹೈಡ್ರೋಮೀಟರೊಳಗೆ ಕಂದು ಬಣ್ಣದ ಗಲೀಜು ಎದ್ದು ಬಂದ್ರೆ ಪಾಸಿಟಿವ್ ಪ್ಲೇಟ್ ಉದುರ್ತಿದೆ, ಅದಕ್ಕೂ ಔಷಧಿ ಇಲ್ಲ.

ಪ್ಲೇಟ್ ತುಂಬಾ ದಿನ ಬರಿದಾಗಿ ಬಿದ್ದಿದ್ರೆ ಹೊರಗೆ ಬಂದ ಆ ಭಾಗ ಒಣಗಿ ಗಟ್ಟಿಯಾಗಿಬಿಡುತ್ತೆ, ನೀರು ಹಾಕಿದ್ಮೇಲೂ ಅದು ಕೆಲಸಕ್ಕೆ ವಾಪಸ್ ಬರೋದು ಕಷ್ಟ. ಬ್ಯಾಟ್ರಿ 12.6 ತೋರಿಸ್ಬೋದು, ಸೆಲ್ಫ್ ಹೊಡೆದ ತಕ್ಷಣ 9.6ಕ್ಕಿಂತ ಕೆಳಗೆ ಬಿದ್ರೆ ಕಸುವು ಉಳಿದಿಲ್ಲ ಅಂತ.

ಕೆಲವು ಬ್ಯಾಟ್ರಿ ಮೇಲೆ ಬಣ್ಣ ತೋರಿಸೋ ಚಿಕ್ಕ ಕಣ್ಣು (ಕಿಂಡಿ) ಇರುತ್ತಲ್ಲ, ಅದು ಹಸಿರಿದೆ, ಮತ್ತೇನು ಸಮಸ್ಯೆ ಅಂತ ಕೇಳೋರಿಗೆ, ಅದು ಆರರಲ್ಲಿ ಒಂದೇ ಸೆಲ್ಲಿನ ಸುದ್ದಿ ಹೇಳುತ್ತೆ, ಉಳಿದ ಐದರ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಕಪ್ಪಾಗಿದ್ರೆ ಚಾರ್ಜ್ ಕಮ್ಮಿ, ಬಿಳಿಯೋ ತಿಳಿ ಹಳದಿಯೋ ಕಂಡ್ರೆ ಆ ಸೆಲ್ಲಲ್ಲಿ ನೀರು ಇಳಿದಿದೆ, ಸೀಲ್ ಆಗಿರೋ ಬ್ಯಾಟ್ರಿ ಆದ್ರೆ ಚಾರ್ಜರ್ ಹಾಕದೆ ಬದಲಾಯಿಸೋದೇ.

ಬದಲಾಯಿಸೋದು ಅಂತ ತೀರ್ಮಾನ ಆದ್ರೆ ಹೊಸ ಬ್ಯಾಟ್ರಿ ಕೂರಿಸಿದ ದಿನವೇ ಎಂಜಿನ್ ಆನ್ ಇಟ್ಟು ಚಾರ್ಜಿಂಗ್ ವೋಲ್ಟೇಜ್ ಅಳೆದು ಬರೆದಿಡಿ. ಹಳೇದು ಓವರ್‌ಚಾರ್ಜಿಂಗಿಂದ ಸತ್ತಿದ್ರೆ ಮೊದ್ಲು ರೆಗ್ಯುಲೇಟರ್ ಸರಿ ಮಾಡಿಸಿ, ಇಲ್ಲಾಂದ್ರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಹಳೇದನ್ನ ಅಂಗಡಿಯೋರಿಗೇ ವಾಪಸ್ ಕೊಡಿ, ಒಳಗಿನ ಆಸಿಡ್ ಮೋರಿಗೆ ಸುರಿಯೋಕೆ ಹೋಗ್ಬೇಡಿ, ಅದ್ರಲ್ಲಿ ಸೀಸ ಕರಗಿರುತ್ತೆ.